ಏಳನೆಯ ತೂತು

ಕಟ್ಟಿನಕೆರೆ ಮಾರ್ಕೆಟ್ಟಿನ ಮೆಟ್ಟಿಲ ಕೆಳಗೆ
ನನ್ನ ರಫೂ ಅಂಗಡಿ: ಒಂದು ಬಲ್ಬು, ಒಂದು ಭೂತಗನ್ನಡಿ.
ದಾಕ್ಷಾಯಿಣಮ್ಮ ತಂದು ಹಾಸಿದರು
ಯಜಮಾನರ ಉಣ್ಣೆ ಕೋಟು.
‘ನೋಡಮ್ಮ ತಾಹೇರಾ, ನುಸಿಗುಳಿಗೆ ಇಟ್ಟರೂ
ನುಸಿ ಹೊಡೆದಿದೆ.’

ನುಸಿಯಲ್ಲ.
ನುಸಿಯಾದರೆ ನವಿರು ಬಲೆ ಬಿಟ್ಟಿರುತ್ತಿತ್ತು.
ಇಲ್ಲಿ, ಹೊಲಿಗೆಯ ಸಂದಿಯಲ್ಲಿ,
ಕಂದು ಪಟ್ಟೆಯ, ಮೈತುಂಬ ರೋಮದ,
ಒಳಗೆ ಯಾರೂ ಇಲ್ಲದ ಅಂಗಿಗಳು.
ಬೆಳೆದಂತೆಲ್ಲ ಕಳಚಿಟ್ಟದ್ದು,
ಊದಿದರೆ ಹಾರುವಷ್ಟು.

‘ಕಿಟಕಿ ದಂಡೆಯ ಮೇಲೆ
ಸಾಸಿವೆ ಚೆಲ್ಲಿದ ಹಾಗೆ ಏನಾದರೂ?’
‘ಹೌದಲ್ಲ! ದಿನಾ ಗುಡಿಸ್ತೀನಿ,
ಒಗ್ಗರಣೆ ಇಷ್ಟು ದೂರ ಹೇಗೆ ಸಿಡೀತು ಅಂತ.’

ಸಾಸಿವೆಯಲ್ಲ ಅದು, ಜೀರುಂಡೆ.
ಗಾಜಿನಡಿ ಇಟ್ಟರೆ ಬೆನ್ನಮೇಲೆ
ಬಿಳಿ, ಕಂದು, ಅರಿಶಿನದ ಚುಕ್ಕೆ,
ಯಾವ ಕಸೂತಿಗೂ ಸಲ್ಲುವಂಥದ್ದು.
ಅದು ಬಟ್ಟೆ ಮುಟ್ಟುವುದಿಲ್ಲ. ಅದಕ್ಕೆ ಬೇಕು
ಬೆಳಕು, ಕೊತ್ತಂಬರಿ ಹೂವಿನ ಪರಾಗ;
ಕಿಟಕಿಗೆ ಬಡಿದು ಬಡಿದು ಸಾಯುತ್ತದೆ.
ತಿನ್ನುವುದು ಮರಿ, ಕತ್ತಲಲ್ಲಿ.
ಹಳೇ ಗುಬ್ಬಿಗೂಡಿನ ಪುಕ್ಕದಲ್ಲಿ ಶುರುಮಾಡಿ
ಬೀರುವಿಗಿಳಿಯುತ್ತದೆ: ಉಣ್ಣೆ, ರೇಷ್ಮೆ, ಕೂದಲು,
ಒಮ್ಮೆ ಜೀವದಿಂದ ಹೊರಟದ್ದು ಮಾತ್ರ.
ಹತ್ತಿಯ ಅಸ್ತರು ನೋಡಿ, ಹೊಸದರ ಹಾಗಿದೆ.

ಆದರೆ ಹುಳಕ್ಕೂ ನಾಲಿಗೆಯಿದೆ.
ಶುಚಿಯಾದ ಕಡೆ ಸುಮ್ಮನೆ ಹಾಯುತ್ತದೆ,
ಬೆವರು ಕುಡಿದ ಕಡೆ, ಜಿಡ್ಡು ಕುಡಿದ ಕಡೆ
ಪಟ್ಟಾಗಿ ಕೂರುತ್ತದೆ.
ಕಾಲರಿಗೆ ಮೂರು. ಕಂಕುಳಿಗೆ ಮೂರು.
ಏಳನೆಯದು, ಎಲ್ಲಕ್ಕಿಂತ ದೊಡ್ಡದು,
ಎಡ ಜೇಬಿನ ಬುಡದಲ್ಲಿ.
ಮೂಸಿದೆ.
ತುಪ್ಪ.

ರಸ್ತೆಯಾಚೆ ಸ್ಕೂಟರಿನ ಮೇಲೆ
ಹೆಲ್ಮೆಟ್ಟು ತೆಗೆಯದೆ ಕೂತಿದ್ದರು ಯಜಮಾನರು.
ದಾಕ್ಷಾಯಿಣಮ್ಮನ ಚೀಲದಲ್ಲಿ ಹಾಗಲಕಾಯಿ,
ಅದರ ಮೇಲೆ ಸಕ್ಕರೆ ಡಾಕ್ಟರ ಚೀಟಿ.
‘ಅಲ್ಲೇ ಯಾಕೆ ತಿಂತು ಅಷ್ಟೊಂದು?’
‘ಕೈ ಬೆವರಿರಬೇಕು,’ ಎಂದೆ,
‘ಜೇಬಿಗೆ ಕೈಯಿಟ್ಟು ನಿಲ್ಲೋ ಅಭ್ಯಾಸವೇನೋ.’
‘ಇದೆ, ಇದೆ,’ ಅಂದರು. ‘ಅದೊಂದು ದೊಡ್ಡಸ್ತಿಕೆ.’

ಬೀರು ಖಾಲಿ ಮಾಡಿ ಮೂಲೆ ಒರೆಸಿ,
ಉಣ್ಣೆಯನ್ನೆಲ್ಲ ಬಿಸಿಲಿಗೆ ಹಾಕಿ ಕೊಡವಿ,
ಮರಿಯಿಲ್ಲದಿದ್ದರೆ ಗೂಡು ತೆಗೆಸಿ.
ಇಷ್ಟು ಹೇಳಿ ಕಳಿಸಿದೆ.

ಬುಧವಾರ ಕೋಟು ಒಯ್ಯಲು
ಅವರೊಬ್ಬರೇ ಬಂದರು, ಹೆಲ್ಮೆಟ್ಟು ಕೈಯಲ್ಲಿ.
ಜೇಬಿನ ಬುಡವನ್ನು ಬೆರಳಿಂದ ಸವರಿದರು;
ತೂತಿದ್ದ ಜಾಗ ಅವರಿಗೂ ಸಿಗಲಿಲ್ಲ.
‘ಎಷ್ಟಾಯ್ತಮ್ಮ?’
‘ಆರು ತೂತಿನ ದುಡ್ಡು ಕೊಡಿ, ಸಾಕು.’

ತಲೆ ತಗ್ಗಿಸಿ, ತುಸು ಹೊತ್ತು ನಿಂತು,
ಏಳರದ್ದು ಎಣಿಸಿಟ್ಟರು.