ಸೆವ್ಜಿದ್, ಶುರು ಮಾಡುವ ಮುಂಚೆ

ಮೊದಲು ಒಲೆ ಆರಲಿ.
ಉಲಾನ್‌ಬಾತರಿನ ಜನವರಿಯಲ್ಲಿ ಇದು ಹುಚ್ಚು ಮಾತು, ಗೊತ್ತು.
ಆದರೆ ಕಲ್ಲಿದ್ದಲು ಒಮ್ಮೆ ಚಟ್ ಅಂದರೆ
ಮೈಕಿನ ಕಿವಿಗೆ ಅದು ಬಂದೂಕು.
ಕೋಟು ತೊಟ್ಟುಕೋ, ಎರಡು.
ತೋಳು ಆಡಿಸಬೇಡ, ಕೋಟೂ ಮಾತಾಡುತ್ತದೆ.

ಪೇಟೆಯ ಕಡೆ ದುಡ್ಡು ಕೊಟ್ಟು
ಗೋಡೆಗೆ ಸ್ಪಂಜು ಹೊಡೆಸುತ್ತಾರಂತೆ,
ಆಡಿದ ಮಾತು ತಿರುಗಿ ಬಂದು ಬಡಿಯದಿರಲಿ ಅಂತ.
ನಮ್ಮ ಗುಡಾರಕ್ಕೆ ಕುರಿಗಳೇ ಆ ಕೆಲಸ ಮಾಡಿಟ್ಟಿವೆ:
ಎರಡು ಪದರ ಉಣ್ಣೆ,
ದನಿ ಅಡಗಿ ಕೂರಲು ಒಂದೂ ಮೂಲೆಯಿಲ್ಲ.

ಮೊನ್ನೆ ನೀರಿನ ಸರದಿಯಲ್ಲಿ ಕೇಳಿದೆಯಲ್ಲ, ಪಾಡ್‌ಕಾಸ್ಟ್ ಅಂದರೇನು ಅಂತ.
ತಮ್ಮನ ಮಗ ತೆಮೂಲೆನ್ ನನಗೆ
ಫೀಡು, ಅಪ್‌ಲೋಡು ಅಂತ ಮಗ್ಗಿ ಒಪ್ಪಿಸಿದ.
ತಲೆಯಾಡಿಸಿದೆ. ಆಮೇಲೆ ಹೀಗೆ ತಿಳಿದುಕೊಂಡೆ:
ರೇಡಿಯೋ ಪಂಕ್ತಿಯ ಊಟ,
ತಡವಾಗಿ ಬಂದರೆ ತಟ್ಟೆ ಎತ್ತಿರುತ್ತಾರೆ.
ಇದು ಬುತ್ತಿ.
ನೀನು ಗಂಟು ಕಟ್ಟಿ ಇಡು,
ಹಸಿದವರು ಹಸಿದಾಗ ಬಿಚ್ಚುತ್ತಾರೆ
ಬಸ್ಸಿನಲ್ಲೋ, ಪಾತ್ರೆ ತೊಳೆಯುತ್ತಲೋ, ಮೂರು ವರ್ಷ ಬಿಟ್ಟೋ.
ಹಳಸುವಂಥದ್ದು ಕಟ್ಟಬೇಡ, ಅಷ್ಟೆ.

ಯಾವ ವಿಷಯ ಅಂತ ನನ್ನ ಕೇಳಬೇಡ.
ನಾನು ಕುದುರೆಯ ಬಣ್ಣಗಳನ್ನು ಹಿಡಿದೆ, ವಾರಕ್ಕೊಂದು.
ಅಪ್ಪನ ಬಾಯಲ್ಲಿ ಇನ್ನೂರಕ್ಕೆ ಮಿಕ್ಕಿ ಇದ್ದವು.
ನನ್ನ ಬಳಿ ಎಪ್ಪತ್ತೊಂದು.
ತೆಮೂಲೆನ್‌ಗೆ ಕಪ್ಪು, ಬಿಳಿ, ಕೆಂಪು.
ಮೊದಲ ವಾರ ಝೇರ್ದ್,
ತಾಮ್ರದ ಪಾತ್ರೆಯನ್ನು ಈಗಷ್ಟೇ ಉಜ್ಜಿಟ್ಟಂಥ ಕೆಂಪು.
ಹನ್ನೊಂದು ಸಲ ಕೇಳಲಾಗಿದೆ ಅಂತ ಫೋನು ಹೇಳಿತು.
ಅದರಲ್ಲಿ ನಾಲ್ಕು ಸಲ ನಾನೇ.

ಸಾಮಾನು ಹೆಚ್ಚೇನಿಲ್ಲ.
ಫೋನು, ಅಂಗಡಿಯ ಅತಿ ಅಗ್ಗದ ಮೈಕು,
ಅದರ ತಲೆಗೊಂದು ಕಾಲ್ಚೀಲ
(ಒಗೆದದ್ದು, ನಿನ್ನ ಗಂಡನದು ಬೇಡ),
'ಪ' ಅನ್ನುವಾಗ ಉಸಿರು ಗುದ್ದದಿರಲು.
ಅಕ್ಕಿಯ ಡಬ್ಬದ ಮೇಲೆ ಬಾಯಿಯ ಮಟ್ಟಕ್ಕೆ ನಿಲ್ಲಿಸು.
ನಾಯಿಗೆ ದೊಡ್ಡ ಮೂಳೆ ಹಾಕು.

ಇನ್ನೊಂದು ಮಾತು, ಇದನ್ನು ತೆಮೂಲೆನ್ ಒಪ್ಪುವುದಿಲ್ಲ.
ಇಪ್ಪತ್ತಾರು ವರ್ಷ ಟೆಲಿಫೋನ್ ಕಚೇರಿಯಲ್ಲಿ
ಟ್ರಂಕ್ ಕಾಲಿನ ತಂತಿ ಚುಚ್ಚಿದವಳು ನಾನು.
"ಹಲೋ, ಕೇಳಿಸುತ್ತಿದೆಯೇ?" ಅಂದು ಕಾಯುವುದು
ನನ್ನ ನಾಲಿಗೆಗೆ ಹತ್ತಿದ ರೋಗ.
ಮೈಕಿಗೂ ಹಾಗೇ ಕೇಳಿದೆ:
"ಈ ಕೆಂಪಿಗೆ ನಿಮ್ಮ ಕಡೆ ಏನಂತೀರಿ?"
ಕೇಳಿ, ಸುಮ್ಮನೆ ಕೂತೆ. ನಾಲ್ಕು ಸೆಕೆಂಡು. ಐದು.
ಹುಡುಗ ಅವನ್ನೆಲ್ಲ ಕತ್ತರಿಸಿ ಎಸೆದಿದ್ದ.
"ಖಾಲಿ ಜಾಗ ಅತ್ತೆ, ಜನ ಎದ್ದು ಹೋಗ್ತಾರೆ."
ವಾಪಸ್ ಹಾಕು ಅಂದೆ.
ಎರಡು ದಿನ ಅವನು ನನ್ನ ಚಹಾ ಮುಟ್ಟಲಿಲ್ಲ.

ಒಂಬತ್ತನೆಯ ವಾರ ಬೂರಲ್ ಹೇಳಿದೆ,
ಕಂದಿನಲ್ಲಿ ಬಿಳಿಗೂದಲು ಬೆರೆತದ್ದು,
ಈಗ ನಿನ್ನ ತಲೆಯೂ ನನ್ನ ತಲೆಯೂ ಇರುವ ಹಾಗೆ.
ಅಂದು ರಾತ್ರಿ ಫೋನಿಗೊಂದು ದನಿ ಬಂತು.
ಗೋಬಿಯ ಲಾರಿ ಡ್ರೈವರು,
ಗಡಿಯ ಸಾಲಿನಲ್ಲಿ ಮೂರು ದಿನದಿಂದ ನಿಂತವನು.
ಹೆಸರು ಹೇಳಲಿಲ್ಲ, ಹೊಗಳಲಿಲ್ಲ.
ಇಂಜಿನ್ನಿನ ಗುರುಗುರು, ಒಂದು ಕೆಮ್ಮು,
ಆಮೇಲೆ ಮೊದಲ ವಾರದ ಆ ಪ್ರಶ್ನೆಗೆ
ಒಂದೇ ಒಂದು ಪದ.
ಅಪ್ಪನ ಬಾಯಲ್ಲಿದ್ದು ನನ್ನಿಂದ ಜಾರಿದ್ದು.
ಎಪ್ಪತ್ತೆರಡು.

ಹಾಗಂತ ದಿನಾ ಬರುತ್ತದೆ ಅಂದುಕೊಳ್ಳಬೇಡ.
ಆಮೇಲೆ ಐದು ವಾರ ಯಾರೂ ಇಲ್ಲ,
ವಿಗ್ ಮಾರುವವರ ಜಾಹೀರಾತು ಬಿಟ್ಟರೆ.

ಕೊನೆಗೆ, ಕೆಂಪು ಗುಂಡಿ ಒತ್ತಿದ್ದೀಯಾ
ಅಂತ ಎರಡು ಸಲ ನೋಡಿಕೋ.
ಶರ್ಗಾ ಅನ್ನುವ ಹಳದಿಯನ್ನು, ಅಪ್ಪನ ಕೊನೆಯ ಕುದುರೆಯದು,
ನಾನು ಮುಕ್ಕಾಲು ಗಂಟೆ
ಬರೀ ಉಣ್ಣೆಗೆ ಹೇಳಿ ಮುಗಿಸಿದೆ.
ಮತ್ತೆ ಹೇಳಲು ಕೂತೆ,
ಬರಲಿಲ್ಲ.