ಕೆಂಪು ಚೀಟಿ

ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ ನನ್ನ ಕುರ್ಚಿ
ಒಳಗಲ್ಲ, ಹೊರಗಲ್ಲ, ಹೊಸ್ತಿಲ ಮೇಲೆ.
ಮುಂಗಾಲು ಬಿಸಿಲಿಗೆ, ಹಿಂಗಾಲು ಫಿನಾಯಿಲ್ ವಾಸನೆಗೆ.
ಬಂದವರಿಗೆಲ್ಲ ನಾಲ್ಕೇ ಪ್ರಶ್ನೆ:
ಎರಡು ವಾರದಿಂದ ಕೆಮ್ಮು?
ಸಂಜೆ ಸಂಜೆಗೆ ಜ್ವರ?
ರಾತ್ರಿ ಬೆವರು, ದಿಂಬು ನೆನೆಯುವಷ್ಟು?
ತೂಕ ಇಳಿದಿದೆಯಾ?
ಒಂದಕ್ಕೆ ಹೂಂ ಅಂದರೂ ಸಾಕು,
ಕೆಂಪು ಚೀಟಿ, ಬೇವಿನ ಮರದ ಕೆಳಗಿನ ಬೆಂಚು,
ಸಾಲು ಬಿಟ್ಟು ಮೊದಲ ಪಾಳಿ.

ಕೆಂಪು ಚೀಟಿಯವರನ್ನು ಬೇಗ ಕರೆಯುತ್ತಾರೆಂಬ ಸುದ್ದಿ
ಮೂರೇ ದಿನಕ್ಕೆ ಊರು ಸುತ್ತಿ ಬಂತು.
ಮಂಡಿ ನೋವಿನವರು ಕೆಮ್ಮಿದರು.
ಬಿ.ಪಿ. ಮಾತ್ರೆಗೆ ಬಂದ ಮೇಷ್ಟ್ರು ಕೆಮ್ಮಿದರು,
ಭಾಷಣಕ್ಕೆ ಮುಂಚಿನ ಹಾಗೆ, ಒಂದೇ ಸಲ, ಚೊಕ್ಕವಾಗಿ.
ಗೇಟಿನ ಗಂಗುಲಪ್ಪ ನಕ್ಕ:
"ಪಿಳ್ಳಮ್ಮಕ್ಕ, ಇವತ್ತು ಕಾಯಿಲೆ ಇಲ್ಲದೋರಿಗೆಲ್ಲ ಕೆಮ್ಮು."

ಇರುವವರು ಮಾತ್ರ ಕೆಮ್ಮುವುದಿಲ್ಲ.
ನುಂಗುತ್ತಾರೆ.
ಸೆರಗಿನ ತುದಿ ಬಾಯಿಗೆ, ಕಣ್ಣು ಗೋಡೆಯ ಪೋಸ್ಟರಿಗೆ,
ಕತ್ತಿನ ನರವೊಂದು ಎದ್ದು
ಕೂರುತ್ತದೆ.
ನುಂಗಿದ ಕೆಮ್ಮಿಗೂ ಸದ್ದಿದೆ.
ಹದಿನೆಂಟು ವರ್ಷ ನೂಲು ಬಿಚ್ಚಣಿಕೆಯಲ್ಲಿ ಕೂತವಳು ನಾನು;
ಮೋಟಾರು, ಹಬೆ, ಮೇಸ್ತ್ರಿಯ ಬೈಗುಳ, ಎಲ್ಲದರ ನಡುವೆ
ಒಂದೇ ಒಂದು ಎಳೆ ಕಡಿದರೂ
ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು.
ಆ ಕಿವಿಗೆ ಈಗ ಸರಕಾರ ಸಂಬಳ ಕೊಡುತ್ತದೆ,
ಕೊಟ್ಟ ತಿಂಗಳು.

ಮಂಗಳವಾರ ಖುರ್ಷೀದಾ ಬಂದಳು.
ಬೆರಳ ತುದಿಗಳು ಬೆಳ್ಳಗೆ, ನೆನೆದು ಸುಕ್ಕಾಗಿ.
ಯಾವ ಕೆಲಸ ಎಂದು ಕೇಳಬೇಕಿರಲಿಲ್ಲ.
ಸೊಂಟ ನೋವು ಎಂದಳು.
ಕೆಮ್ಮು? ಇಲ್ಲ.
ಜ್ವರ? ಇಲ್ಲ.
ಬೆವರು? ಹಬೆ ಮುಂದೆ ಕೂತವರಿಗೆ ಬೆವರು ಬಿಟ್ಟು ಇನ್ನೇನಮ್ಮ.
ತೂಕ? ತಕ್ಕಡಿ ಗೂಡಿಗೆ, ನಮಗಲ್ಲ.
ಹಳದಿ ಚೀಟಿ ಬರೆಯಬೇಕು. ನಿಯಮ ಅಷ್ಟೆ.
ಬರೆದೆ. ತಗೊಳ್ಳಲು ಕೈ ಚಾಚಿದಳು.
ಬಳೆಗಳು ಜಾರಿ ಗೆಣ್ಣಿಗೆ ಬಂದು ನಿಂತವು,
ಉದುರುವುದೊಂದು ಬಾಕಿ.

ಕಾಗದದಲ್ಲಿ ಇಲ್ಲದ್ದನ್ನು ಕೇಳಿದೆ:
"ಈ ಬಳೆ ತೊಡಿಸುವಾಗ ಸೋಪು ಹಚ್ಚಿದ್ದರಾ?"

"ಸೋಪಾ! ಬಳೆಯವನು ಅತ್ತೇಬಿಟ್ಟಿದ್ದ ಮೇಡಂ,
ಆರು ಒಡೆದು ಎಂಟು ಏರಿಸಿದ,
ನಮ್ಮತ್ತೆ ಎಣ್ಣೆ ಬಟ್ಟಲು ಹಿಡಿದು..."
ನಕ್ಕಳು.
ನಗು ಅರ್ಧ ದಾರಿಗೆ ಬಂದು ಎಡವಿತು.
ಅಡಗಿಸಿಟ್ಟದ್ದೆಲ್ಲ, ಎರಡು ವಾರದ್ದಲ್ಲ, ಎರಡು ತಿಂಗಳದ್ದು,
ಒಟ್ಟಿಗೆ ಎದ್ದು ಬಂತು.
ಹಿಂದಿನ ಸಾಲು ಎರಡು ಹೆಜ್ಜೆ ಸರಿಯಿತು.
ಆಮೇಲೆ ಅವತ್ತು ಮಿಕ್ಕವರ್ಯಾರೂ ಕೆಮ್ಮಲಿಲ್ಲ.

ಅಳಲಿಲ್ಲ ಅವಳು. "ಯೂನಿಟ್ಟಲ್ಲಿ ಹೇಳಬ್ಯಾಡ" ಎಂದಳು,
"ಪಕ್ಕದಲ್ಲಿ ಯಾರೂ ಕೂರಲ್ಲ ಆಮೇಲೆ."
ಹೇಳಲ್ಲ ಎಂದೆ. ಹಳದಿ ಹರಿದು ಕೆಂಪು ಬರೆದೆ.
ಮುಚ್ಚಳದ ಡಬ್ಬಿ ಕೊಟ್ಟೆ:
ಬೇವಿನ ಆಚೆ, ಗಾಳಿ ಓಡುವಲ್ಲಿ ನಿಂತು,
ಗಂಟಲಿಂದಲ್ಲ, ಎದೆಯ ತಳದಿಂದ. ನಾಚಬೇಡ.
ಊಟದ ಕ್ಯಾರಿಯರ್‌ನಷ್ಟು ಇರುವ ಹೊಸ ಎಕ್ಸ್‌ರೇ
ಅವಳ ಮುಂದೆ ಒಮ್ಮೆ ಕಣ್ಣು ಮಿಟುಕಿಸಿತು.
ಪರದೆಯಲ್ಲಿ, ಬಲಗಡೆ, ಮೇಲೆ,
ಬಿಚ್ಚಿಕೊಳ್ಳದ ಗೂಡಿನಂಥ ಬಿಳಿ.
ಅದೇನೆಂದು ಹೇಳುವುದು ನನ್ನ ಕೆಲಸವಲ್ಲ.
ಅದಕ್ಕೆ ಬೇರೆ ಯಂತ್ರವಿದೆ, ಒಂದೆರಡು ಗಂಟೆ ಹಿಡಿಯುತ್ತದೆ.

"ಗಂಟೆಯಾ?" ಎಂದಳು ಖುರ್ಷೀದಾ,
"ಬಿಸಿನೀರಿಗೆ ಗೂಡು ಹಾಕಿ ಬಂದಿದೀನಿ,
ಬೆಂದು ಹಾಳಾಗೋಗ್ತವೆ."

"ಹೋಗಲಿ" ಎಂದೆ.
ಬೇಯಿಸಿ ಬೇಯಿಸಿ ಬದುಕಿದ ನನ್ನ ಬಾಯಿಂದ
ಆ ಮಾತು ಬಂದದ್ದು ಅದೇ ಮೊದಲು.

ಮುಂದಿನವರು, ಬನ್ನಿ.