ಮುಗಿಲಾಳಕ್ಕೆ ದಾರಿ

ಅಂಚೆಟ್ಟಿಯ ಕೂಡುರಸ್ತೆಯಲ್ಲಿ
ಎರಡು ಕಬ್ಬಿಣದ ಕಾಲಿನ ಮೇಲೆ ಹಸಿರು ತಗಡು.
‘ನೋಡತಕ್ಕ ಸ್ಥಳಗಳು’ ಎಂದು ಬರೆಯಬೇಕು,
ಕೆಳಗೆ ಹೆಸರುಗಳು, ಹೆಸರಿಗೊಂದು ಬಾಣ.
ರೇಂಜರು ಇಳಂಗೋವನ್ ಕೊಟ್ಟ ಚೀಟಿ
ಜೇಬಿನ ಬೆವರಿಗೆ ಒದ್ದೆಯಾಗಿದೆ.

ತಮಿಳು ಮೇಲೆ, ಇಂಗ್ಲಿಷು ಕೆಳಗೆ.
ಕನ್ನಡ?
‘ಜಾಗ ಉಳಿದರೆ ಹಾಕಿಕೋ ಬೇಟ್ರಾಯಪ್ಪಾ,
ಬಿಲ್ಲಿನಲ್ಲಿ ಮಾತ್ರ ಎರಡೇ.’

ನನ್ನ ಹೆಸರು ಡೆಂಕಣಿಕೋಟೆಯ ದೇವರದ್ದು,
ಬೇಟೆಗೆ ಹೊರಟ ರಾಯನದ್ದು.
ಹೋದ ವಾರ ಇದೇ ಕುಂಚದಲ್ಲಿ ಬರೆದಿದ್ದೆ:
‘ಬೇಟೆಯಾಡಿದರೆ ಏಳು ವರ್ಷ ಜೈಲು’.
ದೇವರು ನಕ್ಕಿರಬೇಕು. ನನಗೆ ಕೂಲಿ ಬಂತು.

ಹೊಗೇನಕಲ್ಲು ಬರೆದೆ.
ಹೊಗೆಯಾಡುವ ಕಲ್ಲು; ನಮ್ಮವ್ವನಿಗೆ
ಇದರ ಅರ್ಥ ಯಾರೂ ಬಿಡಿಸಿ ಹೇಳಿರಲಿಲ್ಲ.
ತಮಿಳಿಗೆ ದಾಟುವಾಗ ಹಕಾರ ಜಾರಿ ಬೀಳುತ್ತದೆ.
ಬೀಳಲಿ. ಅಲ್ಲಿ ಹೊಳೆಗೆ ಹೊಳೆಯೇ ಬೀಳುತ್ತಿರುವಾಗ
ಒಂದಕ್ಷರದ ಸದ್ದು ಯಾರ ಕಿವಿಗೆ?
ತೆಪ್ಪದವರು ಎರಡು ನುಡಿಯಲ್ಲಿ ಚೌಕಾಸಿ ಮಾಡಿದರೂ
ಸುಳಿಗೆ ಸಿಕ್ಕವರು ಕೂಗುವುದು ಒಂದೇ: ಅಮ್ಮಾ.

ಆಮೇಲೆ ದೊಡ್ಡಹಳ್ಳದ ಹೊಳೆಮತ್ತಿ ಮರಗಳು.
ಮೈಗೆಲ್ಲ ಬೂದಿ ಬಳಿದುಕೊಂಡ ದೊಡ್ಡ ಅಳಿಲು
ತುದಿಕೊಂಬೆಯಲ್ಲಿ ಸಂಸಾರ ಹೂಡಿದೆ.
ಅದನ್ನು ನೋಡಲು ಮರಳಲ್ಲಿ ಅಂಗಾತ ಮಲಗಬೇಕು.
ಬಾಣ ಮೇಲಕ್ಕೆ ಹಾಕಲೇ ಅಂದೆ.
ರೇಂಜರು ಒಪ್ಪಲಿಲ್ಲ.

ಪಾರ್ಕು. ಎರಡು ಜೋಕಾಲಿ, ಒಂದು ಸಿಮೆಂಟಿನ ಜಿಂಕೆ.
ಬರೆದೆ.

ಪಾಂಡವರ ಮನೆ ಅಂದರೆ
ನಿಂತ ಚಪ್ಪಡಿ ನಾಲ್ಕು, ಮಲಗಿದ ಚಪ್ಪಡಿ ಒಂದು,
ತಲೆ ತೂರುವಷ್ಟು ದುಂಡು ಕಿಂಡಿ.
ಚಿಕ್ಕಂದಿನಲ್ಲಿ ಮಳೆ ಬಂದರೆ ಕುರಿಮರಿಗಳನ್ನು
ಅದರೊಳಗೆ ತುಂಬುತ್ತಿದ್ದೆವು.
‘ಐದು ಜನ ಇಲ್ಲೇ ಮಲಗಿದರೆ
ಕುಂತಿ ಎಲ್ಲಿ ಮಲಗುತ್ತಿದ್ದಳು?’
ತಂಗಿ ಕೇಳಿದ್ದಳು. ಅವಳಿಗಾಗ ಆರು ವರ್ಷ.
ಉತ್ತರ ಇನ್ನೂ ಯಾರೂ ಕೊಟ್ಟಿಲ್ಲ.

ವೀರಗಲ್ಲಿಗೆ ಕರೆದೊಯ್ದವನು ವಾಚರ್ ಜಡೆಮಾದ.
ಲಂಟಾನ ಸರಿಸಿ, ‘ಅಗೋ ನಮ್ಮ ಮುತ್ತಾತ’ ಅಂದ,
ಹುಲಿಯ ಬಾಯಿಗೆ ಕೈ ಕೊಟ್ಟವನನ್ನು ತೋರಿಸಿ.
ತಲೆಯ ಮೇಲೆ ಮೂರು ಸಾಲು ಹಳೆಯ ಕನ್ನಡ.
ಓದಲು ನನಗೆ ಬರಲಿಲ್ಲ,
ಆದರೆ ಬೆರಳಿಗೆ ಎಲ್ಲ ತಿಳಿಯಿತು:
ಎಡಗಡೆ ದುಂಡಗೆ, ದೊಡ್ಡದಾಗಿ, ಧಾರಾಳವಾಗಿ
ಶುರುಮಾಡಿದ ಕೈ
ಬಲಕ್ಕೆ ಬರುತ್ತ ಬರುತ್ತ ಮುದುಡಿದೆ.
ಕೊನೆಯ ಅಕ್ಷರ ಅಂಚಿನಿಂದ ಉರುಳಿ
ಹುಲಿಯ ಬಾಲದ ಪಕ್ಕ ಕೂತಿದೆ.
ಅವನಿಗೂ ಜಾಗ ಸಾಲಲಿಲ್ಲ.
ಅಣ್ಣಾ, ಅಂದೆ ಕಲ್ಲಿಗೆ. ಜಡೆಮಾದ
ಹುಲಿ ಹೊಡೆದವನಿಗೆ ಅಂದೆ ಅಂದುಕೊಂಡ.

ಕೊನೆಗೆ ಉಳಿದದ್ದು ಬೆಟ್ಟ ಮುಗಿಲಾಳ.
ಮುಗಿಲು ಅವರಲ್ಲೂ ಮುಗಿಲೇ, ನಮ್ಮಲ್ಲೂ.
ಅಲ್ಲಿ ಬೆಳಗಿನ ಹೊತ್ತು ಬಾಗಿಲು ತೆಗೆದರೆ
ಒಳಗೆ ಬಂದು ಕೂರುವುದು ಅದೇ;
ಯಾವ ಭಾಷೆಯಲ್ಲಿ ಬೈದರೂ ಏಳುವುದಿಲ್ಲ.
ತಗಡಿನಲ್ಲಿ ಒಂದು ಗೇಣು ಜಾಗ ಮಿಕ್ಕಿತ್ತು.
ಹೊತ್ತು ಮುಳುಗುವ ಮುಂಚೆ
ಬಿಳಿಯ ಬಣ್ಣದಲ್ಲಿ, ಕನ್ನಡದಲ್ಲಿ,
ಒಬ್ಬರ ಬೆನ್ನಿಗೆ ಒಬ್ಬರು ಅಂಟಿ ನಿಂತ ಅಕ್ಷರಗಳು.

ಬೆಳಿಗ್ಗೆ ಬೋರ್ಡು ವಾಲಿತ್ತು.
ಬಾಣಗಳೆಲ್ಲ ಆಕಾಶಕ್ಕೆ.
ಕಂಬದಲ್ಲಿ ಕೆಸರು, ಒರಟು ಕೂದಲು.
ಹಸಿ ಬಣ್ಣಕ್ಕೆ ಮೈ ಉಜ್ಜಿ ಹೋಗಿತ್ತು ಆನೆ.
ಉಳಿದದ್ದು ‘ಬೆಟ್ಟ’, ಆಮೇಲೆ ಬಯಲು, ಆಮೇಲೆ ‘ಲಾಳ’.
ಚಿಕ್ಕಹೊನ್ನಮ್ಮ ಟೀ ಸೋಸುತ್ತ ಓದಿ,
‘ಬೆಟ್ಟಕ್ಕೂ ಲಾಳ ಹೊಡೆಸಿದೆಯಾ?’ ಅಂದಳು.

ಸಂಜೆ ಕೆರೆಯಂಗಳದಿಂದ ಬಂದ ಜಡೆಮಾದ
ಹೆಣ್ಣಾನೆಯ ಪಕ್ಕೆಯಲ್ಲಿ ಏನೋ ಬೆಳ್ಳಗೆ ಕಂಡೆ ಅಂದ.
ಅವನಿಗೆ ಓದು ಬಾರದು.
ಕಂಡದ್ದನ್ನು ಕಂಡಂತೆ ಕಡ್ಡಿಯಲ್ಲಿ
ಧೂಳಿನ ಮೇಲೆ ಗೀಚಿದ:
ಮೊದಲು ಗಿ, ಆಮೇಲೆ ಮು,
ಎರಡೂ ಕನ್ನಡಿಯಲ್ಲಿ ಕಂಡ ಹಾಗೆ ಹಿಂದುಮುಂದು.
ಸುಳ್ಳು ಹೇಳುವವನಾದರೆ ನೆಟ್ಟಗೆ ಬರೆಯುತ್ತಿದ್ದ.

ಮತ್ತೆ ಬರೆದುಕೊಡು ಅಂದರು ರೇಂಜರು, ಪುಕ್ಕಟೆ.
ಆಗಲಿ ಅಂದೆ.
ಈ ಸಲ ಡಬ್ಬಿಗೆ ಅಗಸೆಯೆಣ್ಣೆ
ಒಂದು ಮುಚ್ಚಳ ಜಾಸ್ತಿ ಹಾಕಿದ್ದೇನೆ.
ತಡವಾಗಿ ಒಣಗಲಿ.